ಹಾಫ್ ಕ್ಲಚ್

ರಾಮಾಂಜನೇಯ ಗುಡ್ಡದ ಏರು ಬಂತೆಂದರೆ
ಹಿಂದಿನ ಸೀಟಿನ ಮೂವರೂ ಇಳಿಯಬೇಕು.
ಇಳಿದು, ಕಾರಿನ ಪಕ್ಕದಲ್ಲೇ ನಡೆಯಬೇಕು,
ದಿಬ್ಬಣ ಹೊರಟವರ ಹಾಗೆ.
ಒಳಗೆ ಒಬ್ಬಳು ಸ್ಟೇರಿಂಗಿಗೆ ಜೋತುಬಿದ್ದು
'ಹಿಂದಕ್ಕೆ ಹೋಗ್ತಿದೆ ಮೇಡಂ, ಹಿಂದಕ್ಕೆ!'
ಎಡಗಡೆ ನಾನು.

ಎಪ್ಪತ್ತೊಂದರ ಅಂಬಾಸಿಡರ್.
ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರು ರಾಜ್ಯ.
ಅರ್ಧ ಹನುಮಂತನಗರ ಕ್ಲಚ್ ಕಲಿತದ್ದು ಇದರಲ್ಲೇ.
ಕಲಿತವರು ಅವರು,
ಸವೆದದ್ದು ಇದು.

ಮುನೀರ್ ಉಸ್ತಾದ್ ಪ್ಲಗ್ಗು ಬಿಚ್ಚಿ
ತೂತಿಗೆ ಹೆಬ್ಬೆರಳಿಟ್ಟ.
'ಎರಡನೇದು ಸುಮ್ಮನೆ ಇದೆ,
ಮೂರನೇದು ಅದಕ್ಕೆ ಜೊತೆ ಕೊಡ್ತಿದೆ.'
ಹೃದಯ ಬದಲಿಸಿದ ಹಾಗಲ್ಲವೇ ಉಸ್ತಾದ್, ಅಂದೆ.
'ಹೃದಯ ಗಿದಯ ಬೇಡ ಮೇಡಂ,
ಕಬ್ಬಿಣ. ಬೋಲ್ಟ್ ಬಿಚ್ಚಿದರೆ ಬರುತ್ತೆ.'
ಬರಲಿಲ್ಲ. ಒಂದು ಬೋಲ್ಟ್
ಎರಡು ದಿನ ಸೀಮೆಎಣ್ಣೆ ಕುಡಿಯಿತು.

ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು
ಹಿಂದಿನಿಂದ ಲಾರಿ ಗುದ್ದಿದ ಕಾಂಟೆಸಾ.
ಮುಂದಿನ ಅರ್ಧಕ್ಕೆ ಆ ಸುದ್ದಿಯೇ ತಲುಪಿರಲಿಲ್ಲ.
ಸಾವಿರದ ಎಂಟುನೂರು ಸಿಸಿ, ಐದು ಗೇರು,
ಬೆಲೆಗೆ ಅರ್ಧ ದಿನ ಚೌಕಾಸಿ.
ತಂದು ಇಟ್ಟು ನೋಡಿದರೆ
ಕುದುರೆ ದೊಡ್ಡದು, ಲಾಯ ಚಿಕ್ಕದು.
ಗೇರ್‌ಬಾಕ್ಸಿಗೆ ಜಾಗ ಮಾಡಲು ನೆಲ ಕೊಯ್ಯಬೇಕಾಯಿತು.
ಮ್ಯಾಟು ಕಿತ್ತಾಗ ಸಿಕ್ಕಿದ್ದು
ಒಂಟಿ ಬೆಂಡೋಲೆ, ಇಪ್ಪತ್ತು ಪೈಸೆ,
ಎಲ್ಲೆಲ್ಲಾರ್‌ಗೆ ತೆಗೆಸಿದ ಒಂದು ಪಾಸ್‌ಪೋರ್ಟ್ ಫೋಟೊ.
ಯಾರೆಂದು ನೆನಪಾಗಲಿಲ್ಲ.
ರಿವರ್ಸಿನಲ್ಲಿ ಅಳುತ್ತಿದ್ದವಳೇ ಇರಬೇಕು.

ಪ್ರೊಪೆಲ್ಲರ್ ಶಾಫ್ಟು ಉದ್ದವಾಯಿತು.
ಕೊಯ್ದು ಬೆಸೆಯಲು ಫಿಲೋಮಿನಾ ಹತ್ತಿರ ಒಯ್ದೆವು,
ಮಿಷನ್ ರೋಡಿನ ಒಳಗಲ್ಲಿಯ ಲೇತ್ ಅಂಗಡಿಗೆ.
ಗಂಡನ ಅಂಗಡಿ; ಗಂಡ ಈಗ ಗೋಡೆಯ ಮೇಲೆ.
ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಕೂದಲೆಳೆಯ ಸ್ಪ್ರಿಂಗು ಕೂರಿಸಿದ ಕೈ
ನನ್ನಷ್ಟೇ ಎತ್ತರದ ಕೊಳವೆಯನ್ನು ತಿರುಗಿಸಿತು,
ನಿಧಾನ, ಇನ್ನೂ ನಿಧಾನ.
ಡಯಲಿನ ಮುಳ್ಳು ನೋಡಿ 'ಕೆಮ್ತಾ ಇದೆ' ಅಂದಳು.
ಬೆರಳುಗುರಿನಷ್ಟು ತಗಡು ಕತ್ತರಿಸಿ
ಒಂದು ಕಡೆ ಬೆಸುಗೆ ಇಟ್ಟಳು.
ಮತ್ತೆ ತಿರುಗಿಸಿದಳು.
ಮುಳ್ಳು ನಿಂತಿತು.
'ಅಲ್ಲಿ ಉಸಿರು ಬಿಟ್ಟರೆ ಹಾರಿಹೋಗೋದು,
ಇಲ್ಲಿ ಕಾಲ ಮೇಲೆ ಬೀಳುತ್ತೆ. ಅಷ್ಟೇ ವ್ಯತ್ಯಾಸ.'

ಆರ್‌ಟಿಓದಲ್ಲಿ ಇನ್ಸ್‌ಪೆಕ್ಟರು
ಬಾನೆಟ್ಟಿನೊಳಗೆ ತಲೆ ಹಾಕಿ ಕೇಳಿದರು:
'ಎಂಜಿನ್ ಅದಲ್ಲ, ಗೇರ್‌ಬಾಕ್ಸ್ ಅದಲ್ಲ, ಹಿಂದಿನ ಹೌಸಿಂಗೂ ಅದಲ್ಲ.
ಹಾಗಾದರೆ ಗಾಡಿ ಯಾವುದಮ್ಮಾ?'
ಚಾಸಿ ನಂಬರಿನ ಮೇಲೆ ಕಾಗದ ಒತ್ತಿ
ಪೆನ್ಸಿಲ್ ಉಜ್ಜಿ ಕೊಟ್ಟೆ.
ಮಸಿಯೊಳಗಿಂದ ಬೆಳ್ಳಗೆ ಎದ್ದವು ಅಂಕಿ.
ಇದು, ಅಂದೆ.

ಹಳೆಯ ಎಂಜಿನ್ ಉಸ್ತಾದನ ಗ್ಯಾರೇಜಿನ ಮೂಲೆಯಲ್ಲಿ
ಸವೆದ ಟಯರಿನ ಮೇಲೆ ಕೂತಿದೆ.
ಹುಡುಗರು ಅದರ ಮೇಲೆ ಟೀ ಲೋಟ ಇಡುತ್ತಾರೆ.
ಅದಕ್ಕೆ ಈಗ ತಾಗುವ ಬಿಸಿ ಅಷ್ಟೇ.

ಐದನೇ ಗೇರು?
ಒಮ್ಮೆ ಹಾಕಿದ್ದೇನೆ,
ಬೆಳಗಿನ ನಾಲ್ಕಕ್ಕೆ, ದೇವನಹಳ್ಳಿ ದಾರಿಯಲ್ಲಿ, ಒಬ್ಬಳೇ.
ಆ ಹಾಡು ಯಾರಿಗೂ ಹೇಳಿಲ್ಲ.
ಉಳಿದಂತೆ ಈ ಊರು ಎರಡರ ಮೇಲೆ ಕೊಟ್ಟದ್ದಿಲ್ಲ.

ನಿನ್ನೆ ಗುಡ್ಡಕ್ಕೆ ಹೋದೆವು.
ಸ್ಟೇರಿಂಗಿನಲ್ಲಿ ಹೊಸಬಳು, ಕಾವೇರಮ್ಮ.
ಕ್ಲಚ್ಚನ್ನು ಹೇಗೆ ಹೇಗೋ ಬಿಟ್ಟಳು.
ಕಾರು ಕ್ಷಮಿಸಿತು. ಹತ್ತಿತು.
ಹಿಂದಿನ ಮೂವರು ಫೋನಿನಿಂದ ತಲೆಯೆತ್ತಲಿಲ್ಲ,
ಏರು ಮುಗಿದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ನನ್ನ ಬಲಗೈ ಮಾತ್ರ
ಮೂವತ್ತು ವರ್ಷದ ರೂಢಿಯಂತೆ ಚಾಚಿ
ಸ್ಟೇರಿಂಗಿನ ಕೆಳಗೆ, ಗೇರಿನ ಕೋಲು ಇದ್ದಲ್ಲಿ,
ಗಾಳಿಯನ್ನು ಹಿಡಿದು ಒಂದರಿಂದ ಎರಡಕ್ಕೆ ಎಳೆಯಿತು.
ಹುಡುಗಿ ಬೆಚ್ಚಿದಳು:
'ಏನಾಯ್ತು ಮೇಡಂ?'

ಏನಿಲ್ಲ.
ಕನ್ನಡಿ ನೋಡು.